ಹಸಿರು ಪಿಕಪ್ಪಿನ ವೈಪರ್

ಆಲ್ಡರ್ ಫೋರ್ಕ್, ಆರೆಗನ್
ಮಾರ್ಚ್ 9, 1999

ಪ್ರೀತಿಯ ಲವೋನ್,

ಕ್ರಿಸ್‌ಮಸ್‌ಗೆ ನೀನು ಹೆಣೆದು ಕಳಿಸಿದ ಕಾಲುಚೀಲಕ್ಕೆ ಮಾರ್ಚಿನಲ್ಲಿ ಕುಳಿತು ಥ್ಯಾಂಕ್ಸ್ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಬೈದು ಮುಗಿಸಿಬಿಡು, ಆಮೇಲೆ ಮುಂದಿನ ಸಾಲು ಓದು. ನಿನ್ನ ಭಾವ ಎಲ್ಡನ್ ಅದನ್ನು ಎಷ್ಟು ಹಾಕಿಕೊಂಡಿದ್ದಾನೆ ಅಂದರೆ ಹಿಮ್ಮಡಿ ಆಗಲೇ ತೆಳ್ಳಗಾಗಿದೆ. ನಿನ್ನ ಸೊಂಟ ಹೇಗಿದೆ? ಮಿನ್ನೆಸೋಟದಲ್ಲಿ ಇನ್ನೂ ಹಿಮ ಬೀಳುತ್ತಿದೆ ಅಂತ ಟಿವಿಯಲ್ಲಿ ಹೇಳಿದರು. ಇಲ್ಲಿ ಬರೀ ಮಳೆ. ಅಕ್ಟೋಬರಿನಲ್ಲಿ ಹಿಡಿದದ್ದು ಬಿಟ್ಟೇ ಇಲ್ಲ. ಈ ಊರಿನವರಿಗೆ ಕೊಡೆ ಹಿಡಿಯುವುದೆಂದರೆ ಅವಮಾನ. ನಾನು ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಹಿಡಿಯುತ್ತೇನೆ, ಅದಕ್ಕೇ ಅಂಗಡಿಯ ಮಾವಿಸ್ ಇವತ್ತಿಗೂ ನನ್ನನ್ನು ಹೊರಗಿನವಳು ಅಂತಲೇ ಕರೆಯುತ್ತಾಳೆ.

ಬರೆಯದೇ ಇದ್ದದ್ದಕ್ಕೆ ಕಾರಣವೂ ಇದೆ. ಫೆಬ್ರವರಿಯಲ್ಲಿ ನಮ್ಮ ಕಾರಿಗೆ ಎಲ್ಕ್ ಅಡ್ಡ ಬಂತು. ಕುದುರೆಗಾತ್ರದ ಜಿಂಕೆ, ನೇರ ಬಾನೆಟ್ಟಿನ ಮೇಲೆ ಬಿತ್ತು. ನಮಗೆ ಏನೂ ಆಗಲಿಲ್ಲ, ಎಲ್ಡನ್‌ನ ಹಣೆಗೊಂದು ಬುಗುಟು ಎದ್ದಿತು ಅಷ್ಟೆ. ಕಾರು ಮಾತ್ರ ಗುಜರಿಗೆ ಹೋಯಿತು. ಹಾಗಾಗಿ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿದ್ದ ನಮ್ಮ ಟ್ರಾಯ್‌ನ ಪಿಕಪ್ಪನ್ನು ಹೊರಗೆ ತೆಗೆಯಬೇಕಾಯಿತು. ಮಗ ತೀರಿಹೋದಮೇಲೆ ಎರಡು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ.

ನೀನು ಆ ಗಾಡಿಯನ್ನು ಅದರ ಹಳೆಯ ವೇಷದಲ್ಲಿ ನೋಡಿದ್ದೆ, ಕೋಳಿಗೂಡಿಗೂ ಬೇಡ ಅನ್ನುವಂತಿತ್ತು. ಅರವತ್ತೊಂಬತ್ತರ ಮಾಡೆಲ್ಲು. ತಾನು ಹೋಗುವ ಮುಂಚಿನ ಬೇಸಿಗೆಯಲ್ಲಿ ಟ್ರಾಯ್ ಅದರ ಮೂಳೆ ಮೂಳೆ ಬಿಚ್ಚಿ, ತುಕ್ಕು ಉಜ್ಜಿ, ಎಳೆ ಬಟಾಣಿಯ ಹಸಿರು ಹೊಡೆದ. ಹೊರಗೆ ಕಾಣುವ ಕಡೆ ಮಾತ್ರ ಅಲ್ಲ, ಎಂಜಿನ್ನಿನ ಹಿಂದಿನ ಗೋಡೆಗೂ, ಬೋಲ್ಟು ಕೂರುವ ತೂತಿನ ಅಂಚಿಗೂ ಹೊಡೆದಿದ್ದ. ಟಾರ್ಪಾಲು ಎಳೆದಾಗ ಅದು ನಿನ್ನೆ ತಾನೇ ಒಣಗಿದ ಹಾಗೆ ಹೊಳೆಯುತ್ತಿತ್ತು. ನಾನು ಅಲ್ಲೇ ನಿಂತು ಅತ್ತೆ. ಎಲ್ಡನ್ ಬ್ಯಾಟರಿ ಹಾಕುವ ನೆಪದಲ್ಲಿ ತಲೆಯನ್ನು ಬಾನೆಟ್ಟಿನ ಒಳಗೇ ಇಟ್ಟುಕೊಂಡಿದ್ದ.

ಈಗ ಸಂಕಟದ ವಿಷಯ. ಸೊಸೆ ರೋಂಡಾ ಜೂನ್ ತಿಂಗಳಲ್ಲಿ ಇಡಾಹೋಗೆ, ತನ್ನ ತಾಯಿಯ ಊರಿಗೆ ಹೊರಟುಹೋಗುತ್ತಾಳಂತೆ. ಮೊಮ್ಮಗಳು ಟೆಸ್ಸಾಳನ್ನೂ ಕರೆದುಕೊಂಡು. ತಪ್ಪು ಅನ್ನುವ ಹಾಗಿಲ್ಲ, ಅವಳಿಗೂ ಒಂದು ಬದುಕು ಬೇಕಲ್ಲ. ಹೋಗುವ ಮುಂಚೆ ಮಗು ನಮ್ಮ ಹತ್ತಿರ ಒಂದಷ್ಟು ದಿನ ಇರಲಿ ಅಂತ ಕೇಳಿಕೊಂಡೆವು. ಅವಳು ಒಪ್ಪಿದ್ದಳು. ಹೋದ ಶನಿವಾರ ಮೊದಲ ಸಲ ಕರೆತರಲು ಹೊರಟೆವು.

ಘಾಟಿ ಹತ್ತುವವರೆಗೆ ವೈಪರ್ ಚೆನ್ನಾಗಿಯೇ ಆಡುತ್ತಿತ್ತು. ಮಳೆ ಜೋರಾದ ಕೂಡಲೇ ಒಂದು ಸಲ ತಡವರಿಸಿತು, ಇನ್ನೊಂದು ಸಲ ಎಳೆದಾಡಿತು, ಆಮೇಲೆ ಗಾಜಿನ ನಟ್ಟನಡುವೆ ಕೋಲಿನ ಹಾಗೆ ನಿಂತುಬಿಟ್ಟಿತು. ಎಲ್ಡನ್ ಸ್ವಿಚ್ಚನ್ನು ತಿರುಗಿಸಿದ, ಗುದ್ದಿದ, ಬಯ್ದ. ಮುಂದೆ ಏನೂ ಕಾಣುತ್ತಿರಲಿಲ್ಲ. ದಿಮ್ಮಿ ಹೊತ್ತ ಲಾರಿಯೊಂದು ಎದುರಿನಿಂದ ಬಂದು ನೀರು ಎರಚಿತು. "ನಿಲ್ಲಿಸು ಎಲ್ಡನ್" ಅಂತ ಕೂಗಿದೆ. "ಎಲ್ಲಿ ನಿಲ್ಲಿಸ್ಲಿ? ಹಿಂದಿರೋನು ಬಂದು ಗುದ್ಲಿ ಅಂತಾನಾ?" ಅಂದ. ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದ. ಹಾಗೇ ಓಡಿಸಿದ, ಲವೋನ್. ಟ್ರಾಯ್‌ನ ಗೆಳೆಯ ಲೈಲ್‌ನ ಕಾರು ಜಾರಿ ನಮ್ಮ ಹುಡುಗನನ್ನು ತೆಗೆದುಕೊಂಡು ಹೋಯಿತಲ್ಲ, ಆ ತಿರುವನ್ನೂ ಹಾಗೇ ದಾಟಿದ. ನಾನು ಕಣ್ಣು ಮುಚ್ಚಿಕೊಂಡು ಪ್ರಾರ್ಥನೆಯ ಮೊದಲ ಸಾಲನ್ನೇ ಮತ್ತೆ ಮತ್ತೆ ಹೇಳಿದೆ, ಎರಡನೆಯದು ನೆನಪಿಗೇ ಬರಲಿಲ್ಲ.

ಟೆಸ್ಸಾ ಚೀಲ ಬೆನ್ನಿಗೆ ಹಾಕಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದಳು. ರೋಂಡಾ ಎಲ್ಡನ್‌ನ ಗಡ್ಡದಿಂದ ತೊಟ್ಟಿಕ್ಕುವ ನೀರನ್ನು ನೋಡಿದಳು, ಗಾಜಿನ ನಡುವೆ ಸಿಕ್ಕಿಕೊಂಡ ವೈಪರನ್ನು ನೋಡಿದಳು.

"ಅದಿನ್ನೂ ಹಾಗೇ ಇದೆಯಾ?" ಅಂದಳು.

"ಬರೋವಾಗ ಸ್ವಲ್ಪ ಕೈಕೊಡ್ತು. ಹೋಗೋವಾಗ ಮಳೆ ಕಮ್ಮಿಯಾಗುತ್ತೆ" ಅಂದ ಎಲ್ಡನ್.

"ಆ ರೋಡಲ್ಲಿ, ಈ ಮಳೇಲಿ, ಈ ಗಾಡೀಲಿ ನನ್ನ ಮಗುನ ಕೂರಿಸ್ತೀನಿ ಅಂದ್ಕೊಂಡ್ರಾ ಎಲ್ಡನ್? ಕಾಫಿ ಕುಡೀರಿ, ಮೈ ಒರೆಸ್ಕೊಳ್ಳಿ, ಮಳೆ ನಿಂತ ಮೇಲೆ ಹೊರಡಿ. ಮಗು ಬರಲ್ಲ."

ನಾನು ಬೇಡಿಕೊಂಡೆ. ತಿಂಗಳ ಕೊನೆಯಲ್ಲಿ ಶಾಲೆಗೆ ಒಂದು ವಾರ ರಜೆ ಇದೆಯಲ್ಲ, ಆಗಲಾದರೂ ಕಳಿಸು ಅಂದೆ. ಅವಳು ಕ್ಯಾಲೆಂಡರ್ ನೋಡಿ ಬಂದು, "ಇಪ್ಪತ್ತಾರನೇ ತಾರೀಖು ಶುಕ್ರವಾರ, ಸಾಯಂಕಾಲದೊಳಗೆ ಬನ್ನಿ. ವೈಪರ್ ಓಡ್ತಾ ಇದ್ರೆ ಕರ್ಕೊಂಡು ಹೋಗಿ. ಓಡ್ತಿಲ್ಲ ಅಂದ್ರೆ ಬರೋ ತೊಂದ್ರೆನೇ ತಗೋಬೇಡಿ, ಇನ್ಮೇಲೆ ಕೇಳ್ಲೂ ಬೇಡಿ" ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಟೆಸ್ಸಾ ಚೀಲ ಕೆಳಗಿಟ್ಟು ಒಳಗೆ ಹೋದಳು, ಅಳಲೂ ಇಲ್ಲ.

ಈ ಊರಿನಲ್ಲಿ ಮಾರ್ಚ್ ಕೊನೆಗೆ ಮಳೆ ಇರುವುದಿಲ್ಲ ಅಂತ ಯಾರಾದರೂ ಹೇಳಿದರೆ ಅವರನ್ನು ನನ್ನ ಹತ್ತಿರ ಕಳಿಸು. ಆ ಶುಕ್ರವಾರದೊಳಗೆ ಒಂದು ವೈಪರ್ ಓಡಬೇಕು. ನನ್ನ ಬದುಕು ಇಷ್ಟಕ್ಕೆ ಬಂದು ನಿಂತಿದೆ ನೋಡು.

ನಿನ್ನ ಅಕ್ಕ,
ಆರ್ಡಿಸ್


ಆಲ್ಡರ್ ಫೋರ್ಕ್
ಮಾರ್ಚ್ 20

ಲವೋನ್,

ನಿನ್ನ ಪತ್ರ ಬಂತು. ಬಾಡಿಗೆ ಕಾರು ತೆಗೆದುಕೊಳ್ಳಿ, ಯಾರನ್ನಾದರೂ ಕೇಳಿ ಅಂತೆಲ್ಲ ಬರೆದಿದ್ದೀಯ. ನಾನೂ ಹೇಳಿ ನೋಡಿದೆ. "ನನ್ನ ಮೊಮ್ಮಗಳನ್ನ ಅವಳಪ್ಪನ ಗಾಡೀಲೇ ಕರ್ಕೊಂಡು ಬರ್ತೀನಿ" ಅಂತ ಹಟ ಹಿಡಿದು ಕೂತಿದ್ದಾನೆ. ಅದರ ಮೇಲೆ ಒಂದು ಮಾತು ಆಡಿದರೂ ಎದ್ದು ಶೆಡ್ಡಿಗೆ ಹೋಗುತ್ತಾನೆ. ಇವತ್ತು ನಾನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿದರೇ ಗೊತ್ತಾಗುತ್ತದೆ.

ನನ್ನ ಊಟದ ಮೇಜು ಈಗ ಊಟದ ಮೇಜಾಗಿ ಉಳಿದಿಲ್ಲ. ಅದರ ಮೇಲೆ ಹಳೆಯ ಪೇಪರು, ಪೇಪರಿನ ಮೇಲೆ ವೈಪರ್ ಮೋಟಾರು. ಎಲ್ಡನ್ ಮೊದಲು ಫ್ಯೂಸ್ ನೋಡಿದ, ಸರಿಯಿತ್ತು. ಸ್ವಿಚ್ ಬಿಚ್ಚಿದ, ಸರಿಯಿತ್ತು. ಪುಟ್ಟ ಬಲ್ಬಿಗೆ ತಂತಿ ಕಟ್ಟಿ ಮೋಟಾರಿನ ಬಾಯಿಯವರೆಗೆ ಕರೆಂಟು ಬರುತ್ತಿದೆಯಾ ನೋಡಿದ, ಬರುತ್ತಿತ್ತು. ಆಮೇಲೆ ಮೋಟಾರನ್ನೇ ಕಿತ್ತು ತಂದು, ಒಳಗೆ ಮೇಣದಂತೆ ಗಟ್ಟಿಯಾಗಿದ್ದ ಗ್ರೀಸ್ ಕೆರೆದು, ಇಂಗಾಲದ ತುಂಡುಗಳನ್ನು ಬದಲಾಯಿಸಿ, ಬ್ಯಾಟರಿಗೆ ಎರಡು ತಂತಿ ಹಿಡಿದ. ಮೋಟಾರು ಝುಮ್ ಅಂತ ತಿರುಗಿತು, ನನ್ನ ಉಪ್ಪಿನ ಡಬ್ಬಿ ಕೆಳಗೆ ಬಿತ್ತು. ನಾನು ಚಪ್ಪಾಳೆ ತಟ್ಟಿದೆ. ತಿರುಗಿ ನೋಡಿದರೆ ಇವನ ಮುಖದಲ್ಲಿ ರಕ್ತವೇ ಇಲ್ಲ. ಕೆಲಸ ಆದದ್ದಕ್ಕೆ ಮುಖ ಬಾಡಿಸಿಕೊಳ್ಳುವ ಗಂಡಸನ್ನು ಎಲ್ಲಾದರೂ ನೋಡಿದ್ದೀಯಾ?

ತೆಗೆದುಕೊಂಡು ಹೋಗಿ ಗಾಡಿಗೆ ಕೂರಿಸಿದರೆ ಉಸಿರೇ ಇಲ್ಲ. ಮತ್ತೆ ಕಿತ್ತು ಮೇಜಿಗೆ ತಂದ, ತಿರುಗಿತು. ಮತ್ತೆ ಗಾಡಿಗೆ, ಸತ್ತಿತು. ನಾಲ್ಕು ದಿನ ಇದೇ ಆಟ.

ನಿನ್ನೆ ಪಕ್ಕದ ಮನೆಯ ವೆಂಡೆಲ್‌ನನ್ನು ನಾನೇ ಕರೆದೆ. ಮಿಲ್ಲಿನಲ್ಲಿ ಎಲ್ಡನ್ ಗರಗಸದ ಯಂತ್ರ ನೋಡಿಕೊಳ್ಳುತ್ತಿದ್ದಾಗ ಇವನು ವಯರಿಂಗ್ ಮಾಡುತ್ತಿದ್ದವನು. ಇಬ್ಬರೂ ಒಂದೇ ಡಬ್ಬಿಯಿಂದ ಊಟ ಮಾಡಿದವರು. ನಾನು ಮಾಡಿದ ಸೇಬಿನ ಪೈ ಒಂದು ತುಂಡು ತಿಂದು, ಇನ್ನೊಂದು ತುಂಡು ಕೈಯಲ್ಲಿ ಹಿಡಿದುಕೊಂಡೇ ಬಾನೆಟ್ಟಿನೊಳಗೆ ಬಗ್ಗಿದ.

"ಎಲ್ಡನ್, ಮಿಲ್ಲಲ್ಲಿ ನಿಂಗೆ ಸಂಬಳ ಕೊಟ್ಟೋರು ಯಾರಪ್ಪ?" ಅಂತ ನಕ್ಕ. "ಮೇಜಿನ ಮೇಲೆ ಓಡುತ್ತೆ, ಗಾಡೀಲಿ ಓಡಲ್ಲ. ಮೋಟಾರ್‌ದೇನು ತಪ್ಪು? ನೋಡು ಆರ್ಡಿಸ್, ಕರೆಂಟೂ ನಮ್ ಥರಾನೇ. ಮನೆಗೆ ವಾಪಸ್ ಬರೋಕೆ ದಾರಿ ಇಲ್ಲ ಅಂದ್ರೆ ಹೊರಡೋದೇ ಇಲ್ಲ. ಈ ಗಾಡೀಲಿ ವಾಪಸ್ ದಾರಿ ಅಂದ್ರೆ ಗಾಡಿ ಮೈನೇ. ಮೋಟಾರಿನ ಬೋಲ್ಟು ಬರೀ ತಗಡಿಗೆ ತಾಗ್ಬೇಕು. ನಿಮ್ಮ ಹುಡುಗ ಎಂಥಾ ಪೇಂಟ್ ಹೊಡ್ದಿದಾನೆ ಅಂದ್ರೆ, ತಗಡು ಅನ್ನೋದು ಎಲ್ಲೂ ಕಾಣ್ತಾನೇ ಇಲ್ಲ! ಆಗೊಮ್ಮೆ ಈಗೊಮ್ಮೆ ವೈಪರ್ ಕಡ್ಡಿ ಎಲ್ಲೋ ತಾಗಿ ಓಡುತ್ತೆ, ಭಾರ ಬಿದ್ರೆ ನಿಲ್ಲುತ್ತೆ. ಈ ಬೋಲ್ಟಿನ ಕೆಳಗೆ ಕಾಸಗಲ ಕೆರೆದ್ರೆ ಮುಗೀತು."

"ಕೆರೆಯೋದು ಬೇಡ" ಅಂದ ಎಲ್ಡನ್.

"ಒಳಗಡೆ ಕಣೋ, ಯಾರಿಗ್ ಕಾಣುತ್ತೆ?"

"ಟ್ರಾಯ್ ಹೊಡೆದ ಬಣ್ಣ ಅದು. ಬೇಡ ಅಂದ್ನಲ್ಲ."

ಒಳ್ಳೆಯವನು ವೆಂಡೆಲ್, ದನಿ ತಗ್ಗಿಸಿ, "ಸರಿ ಬಿಡು, ಬಣ್ಣ ಮುಟ್ಟೋದೇ ಬೇಡ. ಒಂದು ತುಂಡು ವಯರು ಸಾಕು" ಅಂದ. ಜೇಬಿನಿಂದ ತಂತಿ ತೆಗೆದು ಒಂದು ತುದಿಯನ್ನು ಮೋಟಾರಿನ ಮೈಗೂ ಇನ್ನೊಂದನ್ನು ಬ್ಯಾಟರಿಗೂ ಚುಚ್ಚಿದ. ನಾನು ಒಳಗೆ ಕೂತು ಸ್ವಿಚ್ ಒತ್ತಿದೆ. ವೈಪರ್ ಎರಡೂ ಎದ್ದು ಗಾಜಿನ ಈ ತುದಿಯಿಂದ ಆ ತುದಿಗೆ ಚಂದವಾಗಿ ಹೋಗಿ ಬಂದವು. ನನಗೆ ಟೆಸ್ಸಾಳನ್ನೇ ಕಂಡಷ್ಟು ಖುಷಿಯಾಯಿತು.

ಎಲ್ಡನ್ ಕೈ ಹಾಕಿ ಆ ತಂತಿಯನ್ನು ಕಿತ್ತು ಎಸೆದ. "ಮೋಟಾರೇ ಹೋಗಿದೆ. ಅದಕ್ಕೆ ಬೇರೆ ಮೋಟಾರೇ ಆಗ್ಬೇಕು. ನೀನು ಮನೆಗೆ ಹೋಗು ವೆಂಡೆಲ್" ಅಂದ.

"ಕಣ್ಣೆದುರಿಗೇ ಓಡ್ತಲ್ಲೋ, ನಿನಗೇನ್ ಬಂತು?"

"ಹೋಗು ಅಂದೆ!"

ಅವನ ಬಾಯಿಂದ ಇಂಥ ಕೂಗನ್ನು ನಾನು ಮದುವೆಯಾದಮೇಲೆ ಕೇಳಿರಲಿಲ್ಲ. ವೆಂಡೆಲ್ ಕೈಯಲ್ಲಿದ್ದ ಪೈ ತುಂಡನ್ನು ನನ್ನ ಕೈಗೆ ಕೊಟ್ಟು ಹೊರಟುಹೋದ. ಬಣ್ಣಕ್ಕೆ ಬೇಸರ ಅಂದರೆ ನನಗೆ ಅರ್ಥವಾಗುತ್ತದೆ. ತಂತಿ ಏನು ಮಾಡಿತ್ತು? ಅವನಿಗೆ ನಿಜವಾಗಿಯೂ ಆ ಮಗು ಬರುವುದು ಬೇಕಾ ಬೇಡವಾ ಅಂತಲೇ ನನಗೀಗ ಗೊತ್ತಾಗುತ್ತಿಲ್ಲ. ಕೇಳಿದರೆ, ಗುಜರಿ ಅಂಗಡಿಯವನಿಗೆ ಫೋನ್ ಮಾಡಿದ್ದೇನೆ, ಅವನ ಹತ್ತಿರ ಅದೇ ವರ್ಷದ ಮೋಟಾರ್ ಇದೆ, ಗುರುವಾರ ಕೊಡುತ್ತಾನೆ ಅನ್ನುತ್ತಾನೆ. ಶುಕ್ರವಾರ ಹೊರಡಬೇಕು, ಗುರುವಾರ ಮೋಟಾರ್ ಬರುತ್ತದಂತೆ. ನನಗೆ ಕೈಗೆ ಸಿಕ್ಕಿದ್ದನ್ನು ಎತ್ತಿ ಅವನ ತಲೆಗೆ ಹಾಕುವಷ್ಟು ಸಿಟ್ಟು ಬಂದಿದೆ. ನಿನ್ನ ಹತ್ತಿರವಲ್ಲದೆ ಯಾರ ಹತ್ತಿರ ಹೇಳಿಕೊಳ್ಳಲಿ?

ಆರ್ಡಿಸ್


ಆಲ್ಡರ್ ಫೋರ್ಕ್
ಮಾರ್ಚ್ 30

ನನ್ನ ಲವೋನ್,

ಮೊದಲು ಸುದ್ದಿ ಹೇಳಿಬಿಡುತ್ತೇನೆ, ನೀನು ಉಗುರು ಕಚ್ಚಿಕೊಂಡು ಕೂರುವುದು ಬೇಡ. ಟೆಸ್ಸಾ ಇಲ್ಲೇ ಇದ್ದಾಳೆ. ಈಗ ಪಕ್ಕದ ಮನೆಯಲ್ಲಿ ವೆಂಡೆಲ್‌ನ ಕೋಳಿಗಳಿಗೆ ಒಂದೊಂದಕ್ಕೂ ಹೆಸರಿಡುತ್ತಿದ್ದಾಳೆ. ಒಂದಕ್ಕೆ ನಿನ್ನ ಹೆಸರಿಟ್ಟಿದ್ದಾಳಂತೆ, ತುಂಬಾ ಕೂಗುತ್ತದಂತೆ. ಅದನ್ನು ನಾನು ಹೇಳಿಕೊಟ್ಟದ್ದಲ್ಲ.

ಶುಕ್ರವಾರ ಬೆಳಿಗ್ಗೆ ಎದ್ದಾಗಲೇ ಮಳೆ. ಹಿಂದಿನ ದಿನ ಗುಜರಿಯ ಮೋಟಾರ್ ಬಂದಿತ್ತು, ಎಲ್ಡನ್ ಅದನ್ನು ಕೂರಿಸಿಯೂ ಆಗಿತ್ತು. ಸ್ವಿಚ್ ಒತ್ತಿದರೆ ಅದೂ ಅಲ್ಲಾಡಲಿಲ್ಲ. ಅವನು ಒಳಗೆ ಬಂದು, ಶೂಸ್ ಕೂಡ ಬಿಚ್ಚದೆ ಕುರ್ಚಿಯಲ್ಲಿ ಕೂತು, "ರೋಂಡಾಗೆ ಫೋನ್ ಮಾಡು. ಆಗ್ಲಿಲ್ಲ ಅಂತ ಹೇಳು" ಅಂದ.

"ನಾನ್ಯಾಕೆ ಮಾಡ್ಲಿ? ನೀನೇ ಮಾಡು. ರೋಂಡಾಗೆ ಅಲ್ಲ, ಟೆಸ್ಸಾನೇ ಕರೆದು ಹೇಳು. ನಿಮ್ಮಪ್ಪನ ಗಾಡೀಲಿ ಕರ್ಕೊಂಡು ಬರ್ತೀನಿ ಅಂತಿದ್ದೆ, ಈಗ ಬರಲ್ಲ ಅಂತ ನಿನ್ನ ಬಾಯಲ್ಲೇ ಹೇಳು."

ಅವನು ಫೋನಿನ ಕಡೆ ನೋಡಿದ, ಏಳಲಿಲ್ಲ. ನಾನು ಸೇಬು ಹೆಚ್ಚುವ ಚಾಕು ತೆಗೆದುಕೊಂಡೆ. ಮೊಳೆ ಡಬ್ಬಿಯಿಂದ ಒಂದು ಉಪ್ಪುಕಾಗದದ ಚೂರು ಸಿಕ್ಕಿತು. ಕೊಡೆಯನ್ನೂ ಹಿಡಿಯದೆ ಶೆಡ್ಡಿಗೆ ನಡೆದೆ. ಅವನು ಹಿಂದೆಯೇ ಓಡಿಬಂದು ಬಾನೆಟ್ಟಿಗೆ ಅಡ್ಡ ನಿಂತ.

"ಮುಟ್ಬೇಡ ಆರ್ಡಿಸ್."

"ಸರಿ ಆಚೆ."

"ನಿಂಗೆ ಗೊತ್ತಾಗಲ್ಲ ಇದು."

"ಏನ್ ಗೊತ್ತಾಗ್ಬೇಕು? ಟ್ರಾಯ್ ಹೊಡೆದ ಬಣ್ಣ, ಅಷ್ಟೇ ತಾನೆ? ಅವನನ್ನ ಹೆತ್ತೋಳು ನಾನು. ಅವನ ಬಣ್ಣ ಕೆರೆಯೋ ಹಕ್ಕು ಯಾರಿಗಾದ್ರೂ ಇದ್ರೆ ಅದು ನನಗೆ. ಅವನ ಮಗಳನ್ನ ಕರ್ಕೊಂಡು ಬರೋಕೆ ಒಂದು ಕಾಸಗಲ ಬಣ್ಣ ಕೊಡಲ್ಲ ಅಂತಿದ್ನಾ ಅವನು?"

ಚಾಕು ಹಿಡಿದೇ ಒಂದು ಹೆಜ್ಜೆ ಮುಂದಿಟ್ಟೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದು, ಕೊನೆಗೆ ಪಕ್ಕಕ್ಕೆ ಸರಿದ. ಬೋಲ್ಟು ಸಡಿಲಿಸುವುದು ನನ್ನಿಂದ ಆಗಲಿಲ್ಲ, ಅವನೇ ಪಾನಾ ಹಿಡಿದು ಸಡಿಲಿಸಿಕೊಟ್ಟ. ನಾನು ಕೆರೆದೆ. ಮೊದಲು ಹಸಿರು ಪುಡಿ ಉದುರಿತು. ಆಮೇಲೆ ಅದರ ಕೆಳಗಿನ ಬೂದುಬಣ್ಣದ ಪದರ. ಎಷ್ಟು ಗಟ್ಟಿಯಾಗಿ ಹೊಡೆದಿದ್ದ ಹುಡುಗ! ನಾನು ಅಳುತ್ತಲೇ ಉಜ್ಜಿದೆ, ಸುಳ್ಳು ಯಾಕೆ ಹೇಳಲಿ. ಕೊನೆಗೆ ತಗಡು ಬೆಳ್ಳಗೆ ಹೊಳೆಯಿತು. ಅವನು ಬೋಲ್ಟು ಬಿಗಿಮಾಡಿದ. ನಾನು ಹತ್ತಿ ಕೂತು ಸ್ವಿಚ್ ಒತ್ತಿದೆ.

ಓಡಿತು. ತಡವರಿಸದೆ, ಎಳೆದಾಡದೆ ಓಡಿತು. ನಾನು ನಿಲ್ಲಿಸಿ, ಮತ್ತೆ ಒತ್ತಿ, ಜೋರು ಮಾಡಿ, ಮೆಲ್ಲಗೆ ಮಾಡಿ ನೋಡಿದೆ. ಇಳಿದು ಬಂದರೆ ಎಲ್ಡನ್ ಮುಂದಿನ ಬಂಪರಿನ ಮೇಲೆ ಕೂತುಬಿಟ್ಟಿದ್ದ.

"ಅಷ್ಟೇನಾ?" ಅಂದ.

"ಅಷ್ಟೇ. ವೆಂಡೆಲ್ ಹೇಳಿದ್ದು ಅದೇ ಅಲ್ವಾ? ಸುಮ್ನೆ ಮೂರು ವಾರ ನನ್ನ ಜೀವ ತಿಂದೆ."

"ಇಷ್ಟೇ ಹೊತ್ತಾ?" ಅಂತ ಇನ್ನೊಂದು ಸಲ ಕೇಳಿದ. ನಾನು ಅವನ ಭುಜ ಹಿಡಿದು ಎಬ್ಬಿಸಿ, ಬಣ್ಣ ಹೋದದ್ದು ಯಾರಿಗೂ ಕಾಣುವುದಿಲ್ಲ, ಎದ್ದು ಮುಖ ತೊಳೆದುಕೋ ಅಂದೆ. ನನ್ನ ತಲೆಯಲ್ಲಿ ಆಗ ಮಗುವಿನ ಹೊರತು ಬೇರೇನೂ ಇರಲಿಲ್ಲ.

ಘಾಟಿಯಲ್ಲಿ ಮಳೆ ಬಾಲ್ದಿಯಿಂದ ಸುರಿದ ಹಾಗಿತ್ತು. ಪ್ರತಿ ಸಲ ವೈಪರ್ ಆ ಕಡೆ ಹೋದಾಗಲೂ ಇದು ವಾಪಸ್ ಬರುತ್ತದೋ ಇಲ್ಲವೋ ಅಂತ ನಾನು ಉಸಿರು ಹಿಡಿಯುತ್ತಿದ್ದೆ. ಬರುತ್ತಿತ್ತು. ದಿಮ್ಮಿ ಲಾರಿಗಳು ನೀರೆರಚಿದರೂ ಒರೆಸಿಕೊಂಡು ಬರುತ್ತಿತ್ತು. ಆ ತಿರುವಿನ ಹತ್ತಿರ ಎಲ್ಡನ್ ಗಾಡಿಯನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದ. ಇಳಿಯಲಿಲ್ಲ. ಎಂಜಿನ್ ಓಡುತ್ತಿತ್ತು, ವೈಪರ್ ಓಡುತ್ತಿತ್ತು, ಅವನು ಗಾಜಿನಾಚೆ ಕಂಬಿಬೇಲಿಯನ್ನು ನೋಡುತ್ತ ಕೂತಿದ್ದ. "ಹೊತ್ತಾಗುತ್ತೆ ಎಲ್ಡನ್" ಅಂದೆ. ಬಹಳ ಹೊತ್ತಿನ ಮೇಲೆ ಹೊರಡಿಸಿದ. ಅಲ್ಲಿಂದ ಮುಂದೆ ನನಗೆ ರಸ್ತೆಗಿಂತ ಅವನ ಮುಖದ್ದೇ ಭಯವಾಯಿತು.

ರೋಂಡಾ ಜಗುಲಿಗೆ ಬಂದು ನಿಂತಳು. ಎಲ್ಡನ್ ಎಂಜಿನ್ ಆರಿಸಲಿಲ್ಲ, ಅವಳು ನೋಡಲಿ ಅಂತ. ಅವಳು ಮಳೆಯಲ್ಲೇ ಇಳಿದು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು, ವೈಪರ್ ಹೋಗಿ ಬರುವುದನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಎಲ್ಡನ್‌ನ ಕಿಟಕಿಯ ಹತ್ತಿರ ಬಂದು ಕೇಳಿದಳು:

"ಏನಾಗಿತ್ತು ಅದಕ್ಕೆ?"

ಎಲ್ಡನ್ ಬಾಯಿ ತೆರೆದ. ಸ್ಟಿಯರಿಂಗ್ ಮೇಲಿದ್ದ ಅವನ ಬೆರಳುಗಳು ಬೆಳ್ಳಗಾಗಿದ್ದವು. ಆಗ ನಾನು ಅವನ ಮೇಲಿಂದ ಬಾಗಿ, "ಮೋಟಾರ್ ಸುಟ್ಟುಹೋಗಿತ್ತು ರೋಂಡಾ. ಒಳಗೆಲ್ಲ ಕರಕಲು. ಗುಜರಿಯೋನು ಹುಡುಕಿ ಬೇರೆ ಕೊಟ್ಟ, ಇಲ್ದಿದ್ರೆ ಯಾರ ಕೈಲೂ ಆಗ್ತಿರ್ಲಿಲ್ಲ" ಅಂದೆ.

ನೀನು ಹುಬ್ಬೇರಿಸುತ್ತಿರುವುದು ಇಲ್ಲಿಗೇ ಕಾಣುತ್ತಿದೆ. ಪಾದ್ರಿಯ ಹೆಂಡತಿಯ ಸೂಪು ಚೆನ್ನಾಗಿಲ್ಲ ಅಂತ ಅವಳ ಮುಖಕ್ಕೇ ಹೇಳಿದವಳು ನಿನ್ನ ಅಕ್ಕ. ಆದರೂ ಅಂದೆ, ನಾಲಿಗೆ ತೊದಲದೆ ಅಂದೆ.

ರೋಂಡಾ ತಾನೇ ಟೆಸ್ಸಾಳ ಚೀಲ ತಂದು ನಮ್ಮಿಬ್ಬರ ನಡುವೆ ಇಟ್ಟಳು, ಮಗುವಿಗೆ ಬೆಲ್ಟು ಕಟ್ಟಿದಳು. ಬರುವಾಗ ದಾರಿಯುದ್ದಕ್ಕೂ ಟೆಸ್ಸಾ ವೈಪರಿನ ತಾಳಕ್ಕೆ ತಲೆ ಆಡಿಸುತ್ತಾ ಹಾಡಿದಳು. "ಅಜ್ಜ, ನೀನ್ಯಾಕೆ ಹಾಡಲ್ಲ?" ಅಂದಾಗ ಅವನು ಹಾಡಿದ, ಸ್ವರ ಎಲ್ಲೆಲ್ಲೋ ಹೋಯಿತು. ಮನೆಗೆ ಬಂದಮೇಲೆ ಅವನು ಚೆನ್ನಾಗಿಯೇ ಇದ್ದಾನೆ ಅಂತ ಹೇಳುವ ಹಾಗಿಲ್ಲ. ಮಗುವಿನ ಜೊತೆ ಇರುವಷ್ಟು ಹೊತ್ತು ನಗುತ್ತಾನೆ. ಅವಳು ಆಚೆ ಹೋದರೆ ತಟ್ಟೆ ದೂಡಿ ಏಳುತ್ತಾನೆ. ವೆಂಡೆಲ್‌ನ ಹತ್ತಿರ ಹೋಗಿ ಕ್ಷಮೆ ಕೇಳಿದನಂತೆ. ವೆಂಡೆಲ್, "ಕ್ಷಮೆ ಇರ್ಲಿ, ಆವತ್ತಿನ ಪೈ ತುಂಡು ಎಲ್ಲಿ?" ಅಂದನಂತೆ.

ಭಾನುವಾರ ಮಗುವನ್ನು ವಾಪಸ್ ಬಿಡಬೇಕು. ರೋಂಡಾ ಫೋನಿನಲ್ಲಿ, ಇಡಾಹೋಗೆ ಹೋಗುವ ಮುಂಚೆ ಇನ್ನೊಂದು ಸಲವೂ ಕಳಿಸುತ್ತೇನೆ, ಆಗಸ್ಟಿನಲ್ಲಿ ನಾವೇ ಬಂದುಹೋಗುತ್ತೇವೆ ಅಂದಿದ್ದಾಳೆ. ನೀನೂ ಆಗಸ್ಟಿಗೇ ಬಾ. ನಿನ್ನ ಸೊಂಟವನ್ನು ರೈಲಿಗೆ ಹತ್ತಿಸಿಕೊಂಡು ಹೇಗಾದರೂ ಬಾ. ನಿನಗೂ ನಿನ್ನ ಮನೆಯ ಎಲ್ಲರಿಗೂ ಒಳ್ಳೆಯದಾಗಲಿ, ಹಿಮ ಬೇಗ ಕರಗಲಿ, ಮಕ್ಕಳು ಹೇಳಿದ ಮಾತು ಕೇಳಲಿ.

ಎಂದೆಂದಿಗೂ ನಿನ್ನ ಅಕ್ಕ,
ಆರ್ಡಿಸ್

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಡಿಸಿದೆ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಆಗಸ್ಟಿನಲ್ಲಿ ನೀನು ಬರುತ್ತೀಯ, ರೋಂಡಾಳೂ ಇರುತ್ತಾಳೆ, ಗಾಡಿ ಅಂಗಳದಲ್ಲೇ ನಿಂತಿರುತ್ತದೆ. ಅದಕ್ಕೆ ನಿನಗೆ ಗೊತ್ತಿರಬೇಕು.

ಟ್ರಾಯ್ ಆವತ್ತು ಲೈಲ್‌ನ ಕಾರಿಗೆ ಯಾಕೆ ಹತ್ತಿದ ಅಂತ ನೀನು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಬೆಳಿಗ್ಗೆ ಅವನು ಇದೇ ಪಿಕಪ್ಪಿನಲ್ಲಿ ಕೆಲಸಕ್ಕೆ ಹೊರಟಿದ್ದ. ಮಳೆ. ವೈಪರ್ ಓಡಲಿಲ್ಲ. ಎಲ್ಡನ್ ರಾತ್ರಿ ಪಾಳಿ ಮುಗಿಸಿ ಬಂದು ಸೋಫಾದ ಮೇಲೆ ಬಿದ್ದುಕೊಂಡಿದ್ದ. "ಅಪ್ಪ, ಒಂದ್ನಿಮಿಷ ನೋಡ್ತೀಯಾ?" ಅಂತ ಟ್ರಾಯ್ ಕೇಳಿದ. "ಅದು ಮೋಟಾರ್ ಹೋಗಿರುತ್ತೆ, ದೊಡ್ಡ ಕೆಲಸ ಅದು. ಭಾನುವಾರ ಬಿಚ್ಚೋಣ. ಇವತ್ತು ಯಾರ ಜೊತೆಗಾದ್ರೂ ಹೋಗು" ಅಂದ ಎಲ್ಡನ್, ಕಣ್ಣೂ ತೆರೆದಿರಲಿಲ್ಲ. ಅಂತ್ಯಕ್ರಿಯೆ ಮುಗಿದ ಮೇಲೆ ರೋಂಡಾ ಅವನನ್ನು ಒಂದೇ ಪ್ರಶ್ನೆ ಕೇಳಿದ್ದಳು: ಆವತ್ತು ಅದನ್ನು ಸರಿಮಾಡೋಕೆ ಆಗ್ತಿತ್ತಾ? ಇಲ್ಲ, ಮೋಟಾರೇ ಹೋಗಿತ್ತು ಅಂದಿದ್ದ. ಬಾನೆಟ್ ತೆರೆದು ನೋಡದೆಯೇ ಅಂದಿದ್ದ. ಎರಡು ವರ್ಷ ಆ ಒಂದು ಮಾತಿನ ಮೇಲೆ ಅವನು ಉಸಿರಾಡುತ್ತಿದ್ದ, ಲವೋನ್. ಮೇಜಿನ ಮೇಲೆ ಮೋಟಾರು ಝುಮ್ ಅಂದಾಗಲೇ ಅವನಿಗೆ ಗೊತ್ತಾಗಿರಬೇಕು. ನಾನು ದಡ್ಡಿ, ಬಣ್ಣದ ಮೇಲಿನ ಮಮತೆ ಅಂದುಕೊಂಡೆ. ನಾನು ಚಾಕು ಹಿಡಿದು ಎಷ್ಟು ಬೇಗ ಕೆರೆದು ಮುಗಿಸಿದೆ ಅನ್ನುವುದನ್ನು ಅವನು ಪಕ್ಕದಲ್ಲಿ ನಿಂತು ನೋಡಬೇಕಾಯಿತು. ನನಗೆ ಅದು ಅರ್ಥವಾದದ್ದು ಆ ತಿರುವಿನಲ್ಲಿ, ಅವನು ಗಾಡಿ ನಿಲ್ಲಿಸಿದಾಗ.

ನನ್ನ ಮಾತು ಕೇಳಿದಮೇಲೆ ರೋಂಡಾ ಏನಂದಳು ಅನ್ನುವುದನ್ನು ಮೇಲೆ ಬರೆಯಲಿಲ್ಲ. "ಹಾಗಾದ್ರೆ ಆವತ್ತು ಯಾರ ಕೈಲೂ ಆಗ್ತಿರ್ಲಿಲ್ಲ" ಅಂದಳು. ಎಲ್ಡನ್‌ನ ತೋಳಿನ ಮೇಲೆ ಕೈಯಿಟ್ಟಳು, ಎರಡು ವರ್ಷದಲ್ಲಿ ಮೊದಲ ಸಲ. ನಾನೂ ಎಲ್ಡನ್ನೂ ಇದರ ಬಗ್ಗೆ ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ.

ವೆಂಡೆಲ್‌ಗೆ ಹೇಳಿದ್ದೇನೆ. ಅವನು ಗಲ್ಲ ಕೆರೆದುಕೊಂಡು, "ಹೂಂ, ಸುಟ್ಟ ವಾಸ್ನೆ ನಮ್ಮನೆ ತನಕ ಬಂದಿತ್ತು" ಅಂದ. ನೀನು ಸುಳ್ಳು ಹೇಳಿದರೆ ನಿನ್ನ ಕಿವಿ ಕೆಂಪಾಗುತ್ತದೆ, ಚಿಕ್ಕಂದಿನಿಂದ ನೋಡಿದ್ದೇನೆ. ಆಗಸ್ಟಿಗೆ ಇನ್ನೂ ದಿನ ಇದೆ, ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿಕೋ. ಮೋಟಾರ್ ಸುಟ್ಟುಹೋಗಿತ್ತು.